ಹರಿಹರವನ್ನು ನೋಡುವ ಬಗೆ

ನಮ್ಮ ಹೊನ್ನಾಳಿಯನ್ನು ದಾಟಿದ ತುಂಗಭದ್ರೆಯು ಮುಂದೆ ಹರಿಹರವನ್ನು ಸೋಕಿ ಹರಿಯುತ್ತಾಳೆ. ಅಲ್ಲಿಗೆ ಹೋದವರಲ್ಲಿ ಬಹಳ ಮಂದಿ ಮಂಗಳಾರತಿ ತೆಗೆದುಕೊಂಡು ಮುಂದಿನ ಬಸ್ಸಿಗೆ ಓಡುವರು. ನೀವು ಹಾಗೆ ಮಾಡಬೇಡಿರಿ. ಬೆಳಗಿನ ಎಳೆಬಿಸಿಲಿನಲ್ಲಿ ಬಿಡುವಾಗಿ ಹೋಗಿರಿ. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿಯದು. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಎರಡು ಮತಗಳು ಜಗಳವಿಲ್ಲದೆ ಒಂದೇ ದೇಹದಲ್ಲಿ ನಿಂತಿವೆ. ದರ್ಶನವಾದ ಮೇಲೆ ಮಂಟಪದಲ್ಲಿ ಕುಳಿತು, ತಿರುಗಣಿಯಲ್ಲಿ ಕಡೆದ ಕಂಬಗಳ ನುಣುಪನ್ನು ನೋಡಿರಿ. ಶಾಸನಕಲ್ಲುಗಳ ಮುಂದೆ ನಿಂತು ನಾಲ್ಕು ಅಕ್ಷರಗಳನ್ನಾದರೂ ಗುರುತಿಸಿರಿ. ಅದು ನಮ್ಮದೇ ಕನ್ನಡ. ಪಕ್ಕದಲ್ಲಿ ನಿಮ್ಮ ಹೆಸರನ್ನು ಗೀಚುವ ಆಸೆಯಾದರೆ ಕೈಯನ್ನು ಜೇಬಿನಲ್ಲಿಟ್ಟುಕೊಳ್ಳಿರಿ. ಪೊಲಾಳ್ವನು ಗುಡಿಯನ್ನು ಕಟ್ಟಿಸಿ ಹೆಸರು ಬರೆಸಿದವನು! ಆಮೇಲೆ ಹೊಳೆಯ ಕಡೆಗೆ ನಡೆಯಿರಿ. ಮಳೆಗಾಲವಾದರೆ ನೀರಿಗಿಳಿಯದೆ ದಡದಿಂದಲೇ ನೋಡಿರಿ.