ಜಿಂಕೆಗೆ ತಕ್ಕ ಗುಂಡು

ಪೆನ್ಸಿಲ್ವೇನಿಯಾ ರಾಜ್ಯದ ಉತ್ತರದ ಗುಡ್ಡಗಾಡಿನಲ್ಲಿ ವೆಲ್ಸ್‌ಬರೋ ಎಂಬ ಪುಟ್ಟ ಊರೊಂದಿದೆ. ವಿದ್ಯುದ್ದೀಪಗಳ ನಾಡೆಂದು ನಾವು ನಂಬಿರುವ ಅಮೆರಿಕದ ಈ ಊರಿನ ದೊಡ್ಡ ಬೀದಿಯಲ್ಲಿ ಇಂದಿಗೂ ಅನಿಲದೀಪಗಳು ಉರಿಯುತ್ತವೆ. ಊರಿನ ಪಶ್ಚಿಮಕ್ಕೆ ಪೈನ್ ಕ್ರೀಕ್ ಎಂಬ ಹೊಳೆ ಬೆಟ್ಟಗಳನ್ನು ಕೊರೆದು ಮಾಡಿದ ಕಮರಿ. ಅದು ಸುಮಾರು 47 ಮೈಲಿ ಉದ್ದ, ಕೆಲವೆಡೆ ಸಾವಿರ ಅಡಿಗೂ ಮಿಕ್ಕ ಆಳ. ನನ್ನ ಅಕ್ಕ ಭಾವಂದಿರು ಈ ಊರಿನಲ್ಲಿ ನೆಲೆಸಿ ಹಲವು ವರ್ಷಗಳಾದವು. 2023ರ ನವೆಂಬರಿನಲ್ಲಿ ನಾನು ಅವರಲ್ಲಿಗೆ ಹೋದದ್ದು ಕಮರಿಯನ್ನು ನೋಡುವ ಆಸೆಯಿಂದ. ಆದರೆ ಊರಿಗೆ ಊರೇ ಜಿಂಕೆಯ ಧ್ಯಾನದಲ್ಲಿತ್ತು.

ಅಲ್ಲಿ ಜಿಂಕೆಯ ಬೇಟೆಯೆಂಬುದು ನಮ್ಮ ಊರಹಬ್ಬಗಳಿಗೆ ಸಮನಾದದ್ದು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಸೋಮವಾರ ರೈಫಲ್ ಬೇಟೆ ಆರಂಭವಾಗುವುದು ಹಳೆಯ ರೂಢಿ. 2019ರಿಂದ ಅದನ್ನು ಎರಡು ದಿನ ಹಿಂದಕ್ಕೆ ತಂದು ಶನಿವಾರವೆಂದು ಗೊತ್ತುಮಾಡಿದ್ದಾರೆ. ಆದರೂ ಆ ಸೋಮವಾರದಂದು ಎಷ್ಟೋ ಶಾಲೆಗಳಿಗೆ ರಜೆ ತಪ್ಪಿಲ್ಲ. ಬೇಟೆಗಾರರು ತಲೆಗೂ ಎದೆಬೆನ್ನಿಗೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣವನ್ನು ಧರಿಸಲೇಬೇಕೆಂದು ಕಾನೂನುಂಟು. ಎಲೆಯುದುರಿದ ಬೂದುಬಣ್ಣದ ಕಾಡಿನಲ್ಲಿ ಅವರು ನಡೆಯುವುದನ್ನು ದೂರದಿಂದ ಕಂಡರೆ ಮುತ್ತುಗ ಅಕಾಲದಲ್ಲಿ ಹೂಬಿಟ್ಟಂತೆ ತೋರುತ್ತದೆ.

ಈ ಜಿಂಕೆಗಳ ಕಥೆಯೂ ವಿಚಿತ್ರವಾದದ್ದೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಮರ ಕಡಿಯುವವರೂ ಮಾಂಸ ಮಾರುವವರೂ ಸೇರಿ ಕಾಡನ್ನೂ ಜಿಂಕೆಯನ್ನೂ ಬಹುಮಟ್ಟಿಗೆ ಮುಗಿಸಿದ್ದರು. ಆಮೇಲೆ ಹೊರರಾಜ್ಯಗಳಿಂದ ಜಿಂಕೆಗಳನ್ನು ತರಿಸಿ ಬಿಟ್ಟರು. ತೋಳಗಳು ಅಳಿದುಹೋಗಿದ್ದುದರಿಂದ ಅವುಗಳ ಸಂತತಿ ಎಷ್ಟು ಬೆಳೆಯಿತೆಂದರೆ, ಮೊಳಕೆಯೊಡೆದ ಸಸಿಗಳನ್ನೆಲ್ಲ ತಿಂದು ಕಾಡು ಮರುಹುಟ್ಟದಂತೆ ಮಾಡತೊಡಗಿದವು. ಈಗ ತೋಳದ ಕೆಲಸವನ್ನು ಮನುಷ್ಯನು ಮಾಡುತ್ತಿದ್ದಾನೆ. 1972ರ ಕಾಯಿದೆಯ ನೆರಳಿನಲ್ಲಿ ಚುಕ್ಕೆಜಿಂಕೆಯನ್ನು ಕಂಡು ಬೆಳೆದ ನಮಗೆ ಈ ಮಾತು ಸುಲಭವಾಗಿ ಗಂಟಲಿನಿಂದ ಇಳಿಯದು. ಸಸ್ಯಾಹಾರಿಯೂ ಕನ್ನಡದ ಮೇಷ್ಟರೂ ಆದ ನನಗೆ ಬೇಟೆಯ ಪರಿಚಯವೆಲ್ಲ ಪಂಪನ ಕಾವ್ಯದಿಂದ ಬಂದದ್ದು. ಮೃಗವೆಂದು ಬಾಣಬಿಟ್ಟು ಶಾಪಕ್ಕೆ ಗುರಿಯಾದ ಪಾಂಡುವಿನ ಕಥೆಯೂ ಮನಸ್ಸಿನಿಂದ ಮರೆಯಾದದ್ದಲ್ಲ.

ಅಕ್ಕನ ಮನೆಯ ಪಕ್ಕದಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದರು. ಅವರ ಮೊಮ್ಮಗಳಿಗೆ ಹನ್ನೆರಡು ತುಂಬಿತ್ತು. ತರಬೇತಿ ಮುಗಿಸಿ ಪರವಾನಗಿ ಪಡೆದು, ಅದೇ ವರ್ಷ ಮೊದಲ ಬಾರಿಗೆ ತಾತನೊಡನೆ ಕಾಡಿಗೆ ಹೊರಟಿದ್ದಳು. ಆ ಹುಡುಗಿಯ ಕೈಗೆ ಯಾವ ಗುಂಡನ್ನು ಕೊಡಬೇಕೆಂಬುದು ಮುದುಕರ ನಿದ್ದೆಗೆಡಿಸಿತ್ತು. "ನೀವೂ ಬನ್ನಿ ಪ್ರೊಫೆಸರೇ, ಪೇಟೆಗೆ ಹೋಗಿಬರೋಣ" ಎಂದು ನನ್ನನ್ನೂ ಕೋವಿಯಂಗಡಿಗೆ ಕರೆದೊಯ್ದರು.

ನಾವು ಗುಂಡು ಎಂದು ಒಂದೇ ಮಾತಿನಲ್ಲಿ ಕರೆಯುವ ವಸ್ತು ನಿಜವಾಗಿ ಕಾಡತೂಸು. ಅದರ ಹಿತ್ತಾಳೆಯ ಕೊಳವೆಯ ತಳದಲ್ಲಿ ಕಿಡಿ ಹುಟ್ಟಿಸುವ ಬಿಲ್ಲೆ, ಒಳಗೆ ಮದ್ದು. ಬಾಯಿಗೆ ಸಿಕ್ಕಿಸಿದ ತುಂಡು ಮಾತ್ರವೇ ಗುಂಡು. ಅದರ ತೂಕವನ್ನು ಗ್ರೇನ್‌ಗಳಲ್ಲಿ ಹೇಳುತ್ತಾರೆ. ಗ್ರೇನ್ ಎಂದರೆ ಧಾನ್ಯದ ಕಾಳು. ನಮ್ಮ ಅಕ್ಕಸಾಲಿಗರು ಗುಲಗಂಜಿಯಿಂದ ಚಿನ್ನ ತೂಗಿದಂತೆ ಅವರು ಕಾಳಿನಿಂದ ತೂಗುತ್ತಿದ್ದರೆಂದು ಕಾಣುತ್ತದೆ. ಬ್ರಿಟಿಷರು ಗೊತ್ತುಪಡಿಸಿದ ತೊಲ ಸರಿಯಾಗಿ 180 ಗ್ರೇನ್. ಥರ್ಟಿ-ಆಟ್-ಸಿಕ್ಸ್ ಎಂಬ ಪ್ರಸಿದ್ಧ ರೈಫಲ್ಲಿನಿಂದ 180 ಗ್ರೇನಿನ ಗುಂಡು ಹಾರಿಸಿದವನು ಒಂದು ತೊಲ ಲೋಹವನ್ನು ಕಾಡಿಗೆ ಎಸೆದಂತಾಯಿತು!

ಮುದುಕರ ಸ್ವಂತ ಕೋವಿ ಅದೇ ಥರ್ಟಿ-ಆಟ್-ಸಿಕ್ಸ್. 1906ರಲ್ಲಿ ಸೈನ್ಯಕ್ಕೆಂದು ಹುಟ್ಟಿದ ಕಾಡತೂಸು ಅದರದು. "ಇದು ಭುಜಕ್ಕೆ ಒದೆಯುತ್ತದೆ. ಒಮ್ಮೆ ಒದೆಸಿಕೊಂಡ ಮಗು ಮುಂದಿನ ಸಲ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ. ಕಣ್ಣು ಮುಚ್ಚಿ ಬಿಟ್ಟ ದೊಡ್ಡ ಗುಂಡಿಗಿಂತ ಕಣ್ಣು ತೆರೆದು ಬಿಟ್ಟ ಚಿಕ್ಕ ಗುಂಡು ಮೇಲು" ಎಂದರು. ಆದುದರಿಂದ ಮೊಮ್ಮಗಳಿಗೆ 1955ರಲ್ಲಿ ಬಂದ ಟೂ-ಫಾರ್ಟಿ-ತ್ರೀ ಜಾತಿಯ ಹಗುರ ರೈಫಲ್ ಗೊತ್ತಾಗಿತ್ತು. ಅದರ ಗುಂಡಿನ ಅಡ್ಡಗಲ ಅಂಗುಲದ ಕಾಲುಭಾಗಕ್ಕೂ ತುಸು ಕಡಿಮೆ.

ಕೋವಿ ಗೊತ್ತಾದರೆ ಗುಂಡೂ ಗೊತ್ತಾದಂತೆಯೇ ಎಂದುಕೊಂಡಿದ್ದೆ. ಅಂಗಡಿಯ ಗೋಡೆಯ ತುಂಬ ಅದೇ ರೈಫಲ್ಲಿಗೆ ಒಗ್ಗುವ ಪೆಟ್ಟಿಗೆಗಳಿದ್ದವು. 55 ಗ್ರೇನಿನ ಒಂದನ್ನು ಎತ್ತಿ ತೋರಿಸಿ, "ಇದು ನರಿಗೆ. ತೆಳುವಾದ ಹೊದಿಕೆಯದು, ತಗುಲಿದೊಡನೆ ಪುಡಿಯಾಗುತ್ತದೆ. ಜಿಂಕೆಯ ಹೆಗಲಿಗೆ ಬಿದ್ದರೆ ಮೇಲುಮೇಲೆ ದೊಡ್ಡ ಗಾಯ ಮಾಡಿ ನಿಲ್ಲುತ್ತದೆ. ಜಿಂಕೆ ಓಡಿಹೋಗಿ ಎರಡು ದಿನ ನರಳಿ ಸಾಯುತ್ತದೆ" ಎಂದರು. ಇಡಿಯಾಗಿ ಗಟ್ಟಿ ಲೋಹ ಹೊದಿಸಿದ ಸೈನಿಕರ ಗುಂಡಾದರೆ ಹಿಗ್ಗದೆ ಸೂಜಿಯಂತೆ ಒಳಹೊಕ್ಕು ಆಚೆ ಹೋಗಿಬಿಡುತ್ತದೆ, ಆಗಲೂ ನರಳಾಟವೇ. ಬೇಕಾದದ್ದು ಇವೆರಡರ ನಡುವಿನದು: ಮೊನೆ ಅಣಬೆಯಂತೆ ಅರಳಬೇಕು, ಆದರೆ ಬುಡ ಒಡೆಯದೆ ಎದೆಯ ಆಚೆಯವರೆಗೂ ಸಾಗಬೇಕು. ಮುಂಗಾಲಿನ ಹಿಂಬದಿಯಲ್ಲಿ, ಶ್ವಾಸಕೋಶವಿರುವೆಡೆ, ಅಂಥ ಗುಂಡೊಂದು ಬಿದ್ದರೆ ಪ್ರಾಣಿ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ.

ಅರಳುವ ಗುಂಡಿಗೂ ನಮ್ಮ ದೇಶಕ್ಕೂ ನಂಟುಂಟು. ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಬ್ರಿಟಿಷರು ಇಂಥದೇ ಗುಂಡನ್ನು ಸೈನ್ಯಕ್ಕಾಗಿ ಮಾಡಿದರು. ಅದು ಮಾಡುವ ಗಾಯದ ಘೋರತೆಗೆ ಬೆದರಿ 1899ರ ಹೇಗ್ ಘೋಷಣೆಯಲ್ಲಿ ರಾಷ್ಟ್ರಗಳು ಯುದ್ಧದಲ್ಲಿ ಅದರ ಬಳಕೆಯನ್ನು ನಿಷೇಧಿಸಿದವು. ಆದರೆ ಜಿಂಕೆಯ ವಿಷಯದಲ್ಲಿ ಪೆನ್ಸಿಲ್ವೇನಿಯಾ ಮೊದಲಾದ ಅನೇಕ ರಾಜ್ಯಗಳ ನಿಯಮ ಇದಕ್ಕೆ ತದ್ವಿರುದ್ಧ. ಹಿಗ್ಗದ ಸೈನಿಕ ಗುಂಡನ್ನು ಬಳಸುವಂತಿಲ್ಲ. ಗಾಯಗೊಂಡ ಮನುಷ್ಯನಿಗೆ ಆಸ್ಪತ್ರೆಯಿದೆ, ಗಾಯಗೊಂಡ ಜಿಂಕೆಗೆ ಇಲ್ಲ. ಎರಡು ನಿಯಮಗಳ ಬೇರೂ ಒಂದೇ ಎಂದು ಅಂಗಡಿಯ ಮೂಲೆಯಲ್ಲಿ ನಿಂತಾಗ ನನಗೆ ತೋರಿತು. ಬೇಟೆಯನ್ನು ಒಪ್ಪಲು ಅದು ಸಾಲದಾದರೂ, ಮುದುಕರ ತಲೆಬೇನೆ ಏನೆಂಬುದು ಅರ್ಥವಾಯಿತು.

ತೂಕ ಗೊತ್ತಾದರೂ ಲೋಹದ ಪ್ರಶ್ನೆ ಉಳಿದಿತ್ತು. ರೂಢಿಯ ಗುಂಡು ಸೀಸದ ತಿರುಳಿಗೆ ತಾಮ್ರದ ಅಂಗಿ ತೊಡಿಸಿದ್ದು. ಈ ಸೀಸ ಅರಳುವಾಗ ಸಣ್ಣ ಚೂರುಗಳಾಗಿ ಮಾಂಸದಲ್ಲಿ ಚೆದುರುತ್ತದೆ. 2008ರಲ್ಲಿ ನಾರ್ತ್ ಡಕೋಟದ ವೈದ್ಯರೊಬ್ಬರು, ಬಡವರಿಗೆಂದು ಬೇಟೆಗಾರರು ದಾನ ಮಾಡಿದ್ದ ಜಿಂಕೆಮಾಂಸದ ಪೊಟ್ಟಣಗಳನ್ನು ಕ್ಷಕಿರಣದಲ್ಲಿ ಪರೀಕ್ಷಿಸಲಾಗಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಲೋಹದ ಕಣಗಳು ಕಂಡವು. ಕಾಡಿನಲ್ಲೇ ಬಿಟ್ಟುಬಂದ ಕರುಳನ್ನು ತಿಂದು ಹದ್ದುಗಳೂ ವಿಷವೇರಿ ಸಾಯುವುದುಂಟು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸವೇ ನಿಷಿದ್ಧ. ಪೆನ್ಸಿಲ್ವೇನಿಯಾದಲ್ಲಿ ಅಂಥ ನಿರ್ಬಂಧವಿರಲಿಲ್ಲ. ಭಾವನವರು ವೈದ್ಯರು, ಹಿಂದಿನ ರಾತ್ರಿ ಊಟದ ಮೇಜಿನಲ್ಲಿ ಈ ಸಂಗತಿಯನ್ನು ಮುದುಕರ ಕಿವಿಯ ಮೇಲೆ ಹಾಕಿ, "ಮಾಂಸ ತಿನ್ನುವವಳು ಮಗುವಲ್ಲವೆ?" ಎಂದಷ್ಟೇ ಕೇಳಿ ಸುಮ್ಮನಾಗಿದ್ದರು.

ಇಡೀ ತಾಮ್ರದ ಗುಂಡು ಚೂರಾಗುವುದು ಬಹಳ ಕಡಿಮೆ. ಆದರೆ ಬೆಲೆ ಹೆಚ್ಚು. ಅರಳಲು ವೇಗವೂ ಬೇಕು. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಹಾಗಾಗಿ ಸೀಸದಲ್ಲಿ 100 ಗ್ರೇನ್ ಆರಿಸುವವರು ತಾಮ್ರದಲ್ಲಿ 80ಕ್ಕೆ ಇಳಿಯುತ್ತಾರೆ. ಐವತ್ತು ವರ್ಷ ಸೀಸವನ್ನೇ ನೆಚ್ಚಿದ್ದ ಮುದುಕರು ಎರಡು ಪೆಟ್ಟಿಗೆಗಳನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತರು. ನಮ್ಮ ಮನೆಗಳಲ್ಲಿ ಮದುವೆಯ ಸೀರೆ ಆರಿಸುವಾಗಲೂ ಅಷ್ಟು ತಡವಾಗುವುದು ಅಪರೂಪ. ಕಡೆಗೆ ತಾಮ್ರದ್ದನ್ನೇ ಕೊಂಡರು.

ಗುಂಡು ಕೊಂಡಮಾತ್ರಕ್ಕೆ ಆಗಲಿಲ್ಲ. ಒಂದೊಂದು ಕೋವಿಗೂ ಒಂದೊಂದು ಗುಂಡಿನೊಡನೆ ಬೇರೆಬೇರೆ ಸ್ವಭಾವ. ಒಂದಕ್ಕೆ ನೆಟ್ಟಗೆ ಹೋದದ್ದು ಮತ್ತೊಂದಕ್ಕೆ ಅಂಗುಲಗಟ್ಟಲೆ ಸರಿದೀತು. ಎರಡು ಸಂಜೆ ನೂರು ಗಜ ದೂರದ ಕಾಗದದ ಗುರಿಗೆ ಹುಡುಗಿ ಒಟ್ಟು ಒಂಬತ್ತು ಈಡು ಹೊಡೆದಳು. ಪ್ರತಿ ಮೂರಕ್ಕೊಮ್ಮೆ ತಾತ ದುರ್ಬೀನಿನ ತಿರುಪನ್ನು ಸರಿಪಡಿಸಿದರು.

ಶನಿವಾರ ಬೆಳಕು ಹರಿಯುತ್ತಲೇ ಬೆಟ್ಟಗಳ ಕಡೆಯಿಂದ ಒಂದೊಂದೇ ಈಡಿನ ಸದ್ದು ಕೇಳಿಸತೊಡಗಿತು. ಅಕ್ಕ ಕಿಟಕಿಯ ಬಳಿ ಕಾಫಿ ಹಿಡಿದು ನಿಂತಿದ್ದಳು, ಯಾರೂ ಮಾತನಾಡಲಿಲ್ಲ. ಮಧ್ಯಾಹ್ನ ಅವರ ಲಾರಿ ಹಿಂದಿರುಗಿದಾಗ ಹಿಂಬದಿಯಲ್ಲಿ ಹೆಣ್ಣು ಜಿಂಕೆಯೊಂದಿತ್ತು. ಬೆಳಿಗ್ಗೆ ಕೊಂಬಿನ ಗಂಡೊಂದು ಎದುರಾಗಿ ಪೊದೆಯ ಮರೆಯಲ್ಲಿ ನಿಂತಿದ್ದಾಗ ಹುಡುಗಿ ಹೊಡೆಯಲಿಲ್ಲವಂತೆ. ಇದಕ್ಕೆ ಹೊಡೆದದ್ದು ಒಂದೇ ಈಡು. ಬಿದ್ದ ಜಾಗದವರೆಗೆ ಎಷ್ಟು ಹೆಜ್ಜೆಯೆಂದು ಅವಳೇ ಎಣಿಸಿದ್ದಳು: ಮೂವತ್ತೊಂದು. ಅದನ್ನು ಹೇಳುವಾಗ ಅವಳ ಮುಖ ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ತಾತ ಎದೆಯನ್ನು ಬಿಡಿಸಿ ನೋಡಿದರು. ಗುಂಡು ಒಳಗೆ ಉಳಿದಿರಲಿಲ್ಲ, ಆಚೆ ಪಕ್ಕದಿಂದ ಹೊರಟುಹೋಗಿತ್ತು. ಕೈ ತೊಳೆದುಕೊಂಡು ಬಂದು, ಇಪ್ಪತ್ತರ ಪೆಟ್ಟಿಗೆಯಲ್ಲಿ ಉಳಿದ ಹತ್ತು ಕಾಡತೂಸುಗಳನ್ನು ಮುಂದಿನ ವರ್ಷಕ್ಕೆಂದು ಕಪಾಟಿನಲ್ಲಿಟ್ಟು ಬೀಗ ಹಾಕಿದರು.