ಬಿಸಿಲು ತಿಂದ ಬಂಪರು

ಒಳಗೆ ಬರುವ ಮೊದಲು ಪ್ಯಾಂಟು ಮೇಲಕ್ಕೆ ಮಡಚಿಕೊಳ್ಳಿ. ಮಂಡ್ಯದ ಗುತ್ತಲು ರಸ್ತೆಯ ಈ ವಾಟರ್ ಸರ್ವೀಸ್ ಶೆಡ್ಡಿನಲ್ಲಿ ಒಣಗಿದ ನೆಲ ಅಂತ ಇಲ್ಲ. ಮೂಲೆಯಲ್ಲಿ ಪ್ರೆಷರ್ ಪಂಪು ಗುಡುಗುಟ್ಟುತ್ತಿದೆ, ಎರಡು ಮಾತಾಡಬೇಕಾದರೂ ಗಂಟಲು ಏರಿಸಬೇಕು. ಏಪ್ರಿಲ್ ಇಪ್ಪತ್ತು ದಾಟಿದೆ. ಬೆಳಗ್ಗೆ ಒಂಬತ್ತೂವರೆಗೇ ಮೇಲಿನ ಶೀಟು ಕಾದು, ಅದರ ಝಳ ತಲೆಗೆ ಇಳಿಯುತ್ತಿದೆ. ಹೊರಗೆ ಅರ್ಕೇಶ್ವರಸ್ವಾಮಿ ದೇವಸ್ಥಾನಕ್ಕೆ ಹೋಗಿಬರುವವರ ಆಟೊಗಳು, ಹಸಿ ಹುಲ್ಲಿನ ಹೊರೆ ಹೇರಿಕೊಂಡ ಟಿವಿಎಸ್‌ಗಳು, ಪೇಟೆ ಕಡೆ ಅವಸರದಲ್ಲಿರುವ ಬೈಕುಗಳು.

ಕೆಲವು ವರ್ಷಗಳ ಹಿಂದೆ ಮಂಡ್ಯ ಪೇಟೆಯಲ್ಲಿ ಬೆಂಗಳೂರು–ಮೈಸೂರು ಕಾರುಗಳದ್ದೇ ಸಾಲು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಆ ಕಾರುಗಳೆಲ್ಲ ಬೈಪಾಸಿನಲ್ಲೇ ದಾಟಿಹೋಗತೊಡಗಿದವು. ಈ ಶೆಡ್ಡಿಗೆ ಬರುವುದು ಊರಿನವರ ಗಾಡಿಗಳು. ಹತ್ತು ಹದಿನೈದು ವರ್ಷದಿಂದ ಒಬ್ಬರ ಕೈಯಲ್ಲೇ ಓಡಿದವು, ಮನೆ ಮುಂದೆ ಬಯಲಿನಲ್ಲೇ ನಿಂತವು. ಬಿಸಿಲಿನ ಕೆಲಸ ಏನೆಂದು ನೋಡಬೇಕಾದರೆ ಇವನ್ನೇ ನೋಡಬೇಕು.

ರ‍್ಯಾಂಪಿನ ಮೇಲೆ ಬಿಳಿ ಮಾರುತಿ 800 ಹತ್ತಿಸಿದ್ದಾರೆ. ಕೆಎ-11ರದ್ದು. ಅದರ ಯಜಮಾನರು ನಿವೃತ್ತ ಮೇಷ್ಟ್ರು, ಗೋಡೆ ಬದಿಯ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೆಲಸದವನ ಕೈಯನ್ನೇ ನೋಡುತ್ತಿದ್ದಾರೆ. ಗಾಡಿಯ ಬಿಳಿ ಬಣ್ಣ ಇನ್ನೂ ಹೊಳೆಯುತ್ತಿದೆ. ಹಿಂದೆ ಮುಂದೆ ಬಂಪರು ಮಾತ್ರ ಬೂದಿ ಬಳಿದಂತಾಗಿದೆ. ಕುಕ್ಕರುಗಾಲಲ್ಲಿ ಕೂತು ಹತ್ತಿರದಿಂದ ನೋಡಿ. ಆಕಾಶಕ್ಕೆ ಮುಖ ಮಾಡಿದ ಮೇಲಂಚು ತೀರಾ ಬೆಳ್ಳಗಿದೆ, ಕೆಳಕ್ಕೆ ಇಳಿದಂತೆ ಬೂದು, ನೆಲದ ಕಡೆ ತಿರುಗಿದ ಭಾಗ ಹೆಚ್ಚುಕಡಿಮೆ ಕಪ್ಪಾಗಿಯೇ ಇದೆ. ಹಿಂದಿನ ಬಂಪರಿನಲ್ಲಿ ಒಂದು ಕೆಂಪು ರೇಡಿಯಂ ಪಟ್ಟಿ ಅಂಟಿದೆ. ಕೆಲಸದವನು ಉಗುರು ಕೊಟ್ಟು ಅದನ್ನು ಎಳೆಯುತ್ತಾನೆ. ಚರಚರ ಎನ್ನುತ್ತಾ ಪಟ್ಟಿ ಎದ್ದು ಬರುತ್ತದೆ. ಅದರಡಿಯಲ್ಲಿ ಎರಡು ಬೆರಳಗಲ, ಕಾರ್ಖಾನೆಯಿಂದ ಬಂದ ದಿನದ ಕಡುಕಪ್ಪು ಹಾಗೇ ಉಳಿದಿದೆ.

"ನೋಡಿ ಮೇಷ್ಟ್ರೆ, ಇದು ನಿಮ್ ಗಾಡಿ ಬಣ್ಣ."

ಮೇಷ್ಟ್ರು ಎದ್ದು ಬಂದು ಬಗ್ಗಿ ನೋಡುತ್ತಾರೆ. ಅವರ ಪ್ಯಾಂಟಿನ ಹಿಂಬದಿಗೆ ತೆಳುಗುಲಾಬಿ ಪುಡಿ ಮೆತ್ತಿದೆ. ಕೂತಿದ್ದ ಕುರ್ಚಿಯ ಪುಡಿ ಅದು. ನೀವೂ ಆ ಕುರ್ಚಿಯ ಮೇಲೆ ಬೆರಳು ಎಳೆದು ನೋಡಿ, ಹತ್ತುತ್ತದೆ. ಅಂಥ ಕುರ್ಚಿಗಳನ್ನು ಮಾಡುವುದು ಪಾಲಿಪ್ರೊಪಿಲೀನಿನಿಂದ. ಕಾರಿನ ಬಂಪರು, ಚಕ್ರದ ಮೇಲಿನ ಕಪ್ಪು ಕ್ಲ್ಯಾಡಿಂಗು, ವೈಪರಿನ ಬುಡದ ಜಾಲರಿ ಹೆಚ್ಚಾಗಿ ಆಗುವುದೂ ಅದರಿಂದಲೇ, ಅಥವಾ ಅದಕ್ಕೆ ರಬ್ಬರು ಬೆರೆಸಿದ ಮಿಶ್ರಣದಿಂದ. ಕುರ್ಚಿಗೆ ಬಂದ ಕಾಯಿಲೆಯೇ ಬಂಪರಿಗೂ ಬಂದಿದೆ.

ಬೆಳ್ಳಗಾದದ್ದೆಲ್ಲ ಒಂದೇ ಬಗೆಯದಲ್ಲ. ಈ ಕೆಲಸ ಗೊತ್ತಿದ್ದವರು ಮೊದಲು ಅದನ್ನು ವಿಂಗಡಿಸುತ್ತಾರೆ. ಬಂಪರು ಬಾಡಿಗೆ ಸೇರುವ ಅಂಚಿನಲ್ಲಿ, ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ತರಿಗಳ ನಡುವೆ, ಸುಣ್ಣದ ಚುಕ್ಕಿಯಂಥದ್ದು ಕಾಣುತ್ತಿದೆಯಲ್ಲ, ಅದು ಯಾವಾಗಲೋ ಬಾಡಿಗೆ ಹಾಕಿದ ವ್ಯಾಕ್ಸ್ ಪಾಲಿಶ್ ಒಣಗಿ ಕೂತಿರುವುದು. ಮೂಲೆಯಲ್ಲಿ ವೃತ್ತವೃತ್ತವಾಗಿರುವುದು ಬೋರ್‌ವೆಲ್ ನೀರು ಆರಿ ಬಿಟ್ಟ ಉಪ್ಪು. ಇವೆರಡೂ ಬ್ರಷ್ಷಿಗೆ, ಸ್ವಲ್ಪ ಹುಳಿಗೆ ಬಿಟ್ಟುಹೋಗುತ್ತವೆ. ಮೂರನೆಯದು ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಏಕೆಂದರೆ ಅದು ಮೇಲೆ ಕೂತ ಕೊಳೆಯಲ್ಲ. ಪ್ಲಾಸ್ಟಿಕ್ಕಿನ ಮೈಯೇ ಹಾಗಾಗಿದೆ.

ಕೆಲಸದವನು ಅಂಗೈಯಲ್ಲಿ ನೀರು ಹಿಡಿದು ಮೇಲಂಚಿಗೆ ಚಿಮುಕಿಸುತ್ತಾನೆ. ಬೂದು ಮಾಯವಾಗಿ ಕಪ್ಪು ಎದ್ದಿತು. ನೀವು ಕಣ್ಣು ಕೀಳಬೇಡಿ, ಎರಡು ನಿಮಿಷ ಕಾಯಿರಿ. ಗಾಳಿಗೆ ನೀರು ಆರುತ್ತಾ ಬಂದಂತೆ ಅಂಚಿನಿಂದ ಒಳಕ್ಕೆ ಮತ್ತೆ ಬೂದು ನಡೆದು ಬರುತ್ತದೆ.

"ಸ್ಲೇಟು ಒದ್ದೆ ಬಟ್ಟೇಲಿ ಒರೆಸಿದ ಹಂಗೆ ಆಯ್ತಲ್ಲಪ್ಪ," ಅನ್ನುತ್ತಾರೆ ಮೇಷ್ಟ್ರು. ಸರಿಯಾಗಿಯೇ ಹೇಳಿದರು. ಕಪ್ಪು ಎಲ್ಲಿಗೂ ಹೋಗಿಲ್ಲ. ಮೇಲ್ಮೈ ಒರಟಾಗಿ, ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಬಿದ್ದ ಬೆಳಕನ್ನು ದಿಕ್ಕಾಪಾಲು ಚೆದುರಿಸುತ್ತಿದೆ. ನಮಗೆ ಅದು ಬಿಳಿಯಾಗಿ ಕಾಣುತ್ತದೆ. ನೀರು ಬಿರುಕನ್ನು ತುಂಬಿದರೆ ಮೈ ನಯವಾಗುತ್ತದೆ, ಒಳಗಿನ ಕಪ್ಪು ಕಾಣುತ್ತದೆ. ಬಂಪರು ಕಪ್ಪು ಮಾಡುತ್ತೇವೆ ಎಂದು ಅಂಗಡಿಗಳಲ್ಲಿ ಮಾರುವ ಬಾಟಲಿಗಳಲ್ಲಿ ಬಹಳಷ್ಟರ ಕೆಲಸ ಇಷ್ಟೇ, ನೀರಿಗಿಂತ ನಿಧಾನವಾಗಿ ಆರುವ ಏನನ್ನಾದರೂ ಆ ಬಿರುಕಿಗೆ ತುಂಬುವುದು.

ಈಗ ಕ್ಲೀನರ್ ಹೊಡೆದಿದ್ದಾನೆ. ಅದು ನೆನೆಯುವವರೆಗೆ ಒಂದು ಮಾತು. ಅಂಬಾಸಿಡರಿಗೆ, ಪ್ರೀಮಿಯರ್ ಪದ್ಮಿನಿಗೆ ಕ್ರೋಮಿನ ಬಂಪರು ಇತ್ತು. ತುಕ್ಕು ಹಿಡಿಯುತ್ತಿತ್ತು, ಬೆಳ್ಳಗಾಗುತ್ತಿರಲಿಲ್ಲ. ಇಟಲಿಯ ಜೂಲಿಯೊ ನಟ್ಟಾ 1954ರಲ್ಲಿ ಗಟ್ಟಿಯಾದ ಪಾಲಿಪ್ರೊಪಿಲೀನ್ ತಯಾರಿಸಿದರು. 1963ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಜೊತೆ ಅವರಿಗೆ ನೊಬೆಲ್ ಬಂತು. 1972ರಲ್ಲಿ ಫ್ರಾನ್ಸಿನ ರೆನೊ 5 ಕಾರು ಪ್ಲಾಸ್ಟಿಕ್ ಬಂಪರು ಹೊತ್ತು ಬಂದ ಮೇಲೆ ಕ್ರೋಮಿನ ಕಾಲ ಕರಗಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ ನಮ್ಮ ಊರುಗಳೂ ಕಪ್ಪು ಬಂಪರು ನೋಡಿದವು. ಹಗುರ, ಅಗ್ಗ, ಸಣ್ಣ ಗುದ್ದಿಗೆ ನೆಗ್ಗುವುದಿಲ್ಲ. ಆದರೆ ಈ ಪ್ಲಾಸ್ಟಿಕ್ಕಿಗೆ ಬಿಸಿಲೊಂದು ಆಗದು. ನೇರಳಾತೀತ ಕಿರಣ ಅದರ ಉದ್ದನೆಯ ಸರಪಣಿಯನ್ನು ಕಡಿಯುತ್ತದೆ, ಕಡಿದ ತುದಿಗೆ ಗಾಳಿಯ ಆಮ್ಲಜನಕ ಸೇರುತ್ತದೆ, ಅದು ಪಕ್ಕದ ಸರಪಣಿಯನ್ನೂ ಕಡಿಯಲು ದಾರಿ ಮಾಡುತ್ತದೆ. ಇದನ್ನು ತಡೆಯಲೆಂದೇ ಕಾರ್ಬನ್ ಕಪ್ಪು ಬೆರೆಸುವುದು. ಮಂಡ್ಯದ ರೈತರಿಗೆ ಇದು ಹೊಸದಲ್ಲ, ತೋಟದ ಹನಿ ನೀರಾವರಿ ಪೈಪು ಕಪ್ಪಗಿರುವುದೂ ಇದೇ ಕಾರಣಕ್ಕೆ. ಕಾರ್ಬನ್ ಕಿರಣವನ್ನು ಮೇಲ್ಪದರದಲ್ಲೇ ಹೀರಿಕೊಂಡು ಒಳಗಿನದನ್ನು ಉಳಿಸುತ್ತದೆ. ಮೇಲ್ಪದರ ಮಾತ್ರ ಸುಡುತ್ತದೆ. ಮೇಷ್ಟ್ರ ಬಂಪರಿನಲ್ಲಿ ಸತ್ತಿರುವುದು ಆ ತೆಳು ಪದರವಷ್ಟೇ.

ಬ್ರಷ್ಷು ಶುರುವಾಯಿತು. ಬಟ್ಟೆ ಒಗೆಯುವ ಬ್ರಷ್ಷಿಗಿಂತ ಮೆತ್ತಗಿನದು, ತರಿಯ ಒಳಗೆ ಇಳಿಯುವಷ್ಟು ಗಡಸು. ಮೊದಲು ಎದ್ದ ನೊರೆ ಕಂದು. ಅದು ರಸ್ತೆಯ ಧೂಳು. ತೊಳೆದು ಮತ್ತೆ ಉಜ್ಜಿದಾಗ ಬೂದು. ಮೂರನೆಯ ಬಾರಿಗೆ ಜಿಡ್ಡುಜಿಡ್ಡಾಗಿ ಕರಿ ನೀರು ಇಳಿಯುತ್ತದೆ, ವರ್ಷಗಟ್ಟಲೆ ಒಂದರ ಮೇಲೊಂದು ಬಳಿದ ಟೈರ್ ಪಾಲಿಶ್, ಸೀಮೆಎಣ್ಣೆ, ಯಾರೋ ಒರೆಸಿದ ಡೀಸೆಲ್, ಎಲ್ಲ. ನನ್ನ ಕೇಳಿದರೆ ಈ ಇಡೀ ಕೆಲಸದಲ್ಲಿ ಮುಕ್ಕಾಲು ಪಾಲು ಇಲ್ಲೇ ಇದೆ. ನೊರೆ ಬೆಳ್ಳಗೆ ಬರುವವರೆಗೆ ಕೈ ನಿಲ್ಲಿಸದವನ ಕೆಲಸ ನಿಲ್ಲುತ್ತದೆ, ಅರ್ಧಕ್ಕೆ ಬಿಟ್ಟವನದು ಮೊದಲ ಮಳೆಗೆ ಹರಿದುಹೋಗುತ್ತದೆ. ಈ ಮನುಷ್ಯ ನಿಲ್ಲಿಸುವುದಿಲ್ಲ. ಮೂಲೆಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ತೆಗೆದುಕೊಂಡಿದ್ದಾನೆ.

ತೊಳೆದು, ಗಾಳಿ ಹೊಡೆದು, ಪೂರ್ತಿ ಒಣಗಲು ಬಾಗಿಲ ಬಳಿ ಗಾಡಿ ನಿಲ್ಲಿಸಿದ್ದಾರೆ. ಹನ್ನೆರಡು ಗಂಟೆ ದಾಟಿತು. ಬಾಗಿಲಲ್ಲಿ ನೆಟ್ಟಗೆ ನಿಂತಿರುವ ಕಬ್ಬಿಣದ ಪೈಪನ್ನು ನೋಡಿ. ಹನ್ನೆರಡೂ ಇಪ್ಪತ್ತರ ಹೊತ್ತಿಗೆ ಅದರ ನೆರಳು ಬುಡದೊಳಗೆ ಸೇರಿಕೊಂಡು, ಹುಡುಕಿದರೂ ಸಿಗುವುದಿಲ್ಲ. ಮಂಡ್ಯ ಇರುವುದು ಉತ್ತರ ಅಕ್ಷಾಂಶ ಹನ್ನೆರಡೂವರೆ ಡಿಗ್ರಿಯ ಹತ್ತಿರ. ಏಪ್ರಿಲ್ 23ರ ಆಸುಪಾಸು ಒಮ್ಮೆ, ಆಗಸ್ಟ್ 20ರ ಆಸುಪಾಸು ಒಮ್ಮೆ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಬಂಪರಿನ ಮೇಲಂಚೇ ಮೊದಲು ಸಾಯುವುದು ಏಕೆಂದು ಈಗ ನಿಮ್ಮ ನೆತ್ತಿಗೇ ಗೊತ್ತಾಗುತ್ತಿದೆ. ಬಂಪರು ಒಣಗಿದಂತೆ ಮೊದಲಿಗಿಂತ ಬೆಳ್ಳಗೆ ಕಾಣುತ್ತದೆ. ಮೇಷ್ಟ್ರ ಮುಖ ಸಪ್ಪಗಾಯಿತು.

"ಪೇಂಟೇ ಹೊಡ್ದ್‌ಬುಡಪ್ಪ, ಕರ್ರಗಾಗ್ಲಿ."

"ಬ್ಯಾಡಿ ಮೇಷ್ಟ್ರೆ. ಇದ್ರ ಮ್ಯಾಲೆ ಪೇಂಟು ನಿಲ್ಲಾಕಿಲ್ಲ. ಪ್ಲಾಸ್ಟಿಕ್ ಪ್ರೈಮರ್ ಹಾಕ್ದೆ ಹೊಡುದ್ರೆ ಹೊಪ್ಪಳೆ ಎದ್ದು ಬತ್ತದೆ. ವಸಿ ತಡೀರಿ."

ಅವನು ಹೇಳಿದ್ದು ನಿಜ. ಪಾಲಿಪ್ರೊಪಿಲೀನಿನ ಮೈ ಯಾವುದನ್ನೂ ಸುಲಭಕ್ಕೆ ಹಿಡಿದುಕೊಳ್ಳುವುದಿಲ್ಲ, ಗೋಂದು ಕೂಡ ಜಾರುತ್ತದೆ. ಅದರ ಮೇಲೆ ಹಳೆಯ ಸಿಲಿಕೋನ್ ಪಾಲಿಶ್ ಉಳಿದಿದ್ದರಂತೂ ಪೇಂಟು ಅಲ್ಲಲ್ಲಿ ಹಿಂದೆ ಸರಿದು ಗುಂಡಗೆ ಕುಳಿ ಬೀಳುತ್ತದೆ. ಟಿಂಕರಿಂಗ್ ಶೆಡ್ಡಿನ ಪೇಂಟರುಗಳಿಗೆ ಸಿಲಿಕೋನ್ ಎಂದರೆ ಆಗದಿರುವುದು ಅದಕ್ಕೇ.

ಅಷ್ಟರಲ್ಲಿ ಡಸ್ಟರ್ ಕಾರೊಂದು ಬಂದು ನಿಂತಿದೆ. ಇಳಿದ ಯುವಕನ ಕೈಯಲ್ಲಿ ಮೊಬೈಲು, ಅದರಲ್ಲಿ ಯಾರೋ ಹೀಟ್ ಗನ್ ಹಿಡಿದು ಬೆಳ್ಳಗಿನ ಪ್ಲಾಸ್ಟಿಕ್ಕನ್ನು ಕಪ್ಪು ಮಾಡುತ್ತಿದ್ದಾರೆ. "ಅಣ್ಣ, ನಂದಕ್ಕೂ ಹಿಂಗೇ ಮಾಡಿ." ಕೆಲಸದವನು ಬೈಯುವುದಿಲ್ಲ. ಪಕ್ಕದ ಸ್ಟಿಕರ್ ಅಂಗಡಿಯಿಂದ ಹೀಟ್ ಗನ್ ತರಿಸಿ, ಮೂಲೆಯಲ್ಲಿ ಬಿದ್ದಿರುವ ಮುರಿದ ಕ್ಲ್ಯಾಡಿಂಗ್ ತುಂಡೊಂದನ್ನು ಎತ್ತಿಕೊಳ್ಳುತ್ತಾನೆ. ತುಂಡನ್ನು ತಿರುಗಿಸಿ ನೋಡಿ: ಬಿಸಿಲು ಕಾಣದ ಒಳಮೈಯಲ್ಲಿ ಉಬ್ಬು ಅಕ್ಷರದಲ್ಲಿ 'ಪಿಪಿ+ಇಪಿಡಿಎಂ-ಟಿ20' ಎಂದು ಅಚ್ಚು ಹಾಕಿದ್ದಾರೆ. ಪಾಲಿಪ್ರೊಪಿಲೀನ್, ಜೊತೆಗೆ ರಬ್ಬರು, ನೂರಕ್ಕೆ ಇಪ್ಪತ್ತು ಪಾಲು ಟಾಲ್ಕ್ ಪುಡಿ. ಮೇಲಿನ ಪ್ಲಾಸ್ಟಿಕ್ ಸವೆದಾಗ ಆ ಪುಡಿಯೂ ಹೊರಗೆ ಬಂದು ಬಿಳುಪು ಹೆಚ್ಚಿಸುತ್ತದೆ.

ಗನ್ನಿನ ಬಾಯಿಂದ ನೂರಾರು ಡಿಗ್ರಿಯ ಗಾಳಿ ಬರುತ್ತಿದೆ. ಸುಟ್ಟ ಮೇಣದಂಥ ವಾಸನೆ ಮೂಗಿಗೆ ಹತ್ತಿತು. ಕೈ ಒಂದೇ ಸಮ ಆಚೆ ಈಚೆ ಆಡುತ್ತಿದೆ. ಗಾಳಿ ತಾಗಿದ ಕಡೆ ಬೂದು ಅಳಿದು ಕಪ್ಪು ಹರಿದು ಬರುತ್ತದೆ, ಯುವಕ "ಆಹಾ" ಎಂದೇಬಿಟ್ಟ. ಕೆಲಸದವನು ಬೇಕೆಂದೇ ಕೈ ಒಂದು ಕಡೆ ನಿಲ್ಲಿಸುತ್ತಾನೆ. ತರಿಯೆಲ್ಲ ಕರಗಿ ಆ ಜಾಗ ನುಣ್ಣಗೆ ಮಿಂಚಿತು, ಮರುಕ್ಷಣ ಅಂಚು ಸೊಟ್ಟಗಾಗಿ ಒಳಕ್ಕೆ ಬಾಗಿತು. ಈ ಪ್ಲಾಸ್ಟಿಕ್ ಕರಗಲು ನೂರ ಅರವತ್ತು ಡಿಗ್ರಿ ಸಾಕು. ಕಾವು ಬಿರುಕನ್ನು ಬೆಸೆಯುತ್ತದೆ, ಸುಟ್ಟ ಸರಪಣಿಯನ್ನು ಹೊಸದು ಮಾಡುವುದಿಲ್ಲ. ಮತ್ತೆ ಬೆಳ್ಳಗಾಗುತ್ತದೆ, ಮತ್ತೆ ಕಾಯಿಸಬೇಕು, ಒಂದು ಹಂತದಲ್ಲಿ ಕಾಯಿಸಿದರೂ ಬರುವುದಿಲ್ಲ.

"ಗಾಡಿ ನಿಂದು ಕನಪ್ಪ. ಮಾಡು ಅಂದ್ರೆ ಮಾಡ್ತೀನಿ. ಪಕ್ಕದ ಪೇಂಟು ಗುಳ್ಳೆ ಎದ್ರೆ ಆಮೇಲೆ ನನ್ನ ಕೇಳ್ಬ್ಯಾಡ."

ಯುವಕ ಸೊಟ್ಟ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾನೆ. ಮೊಬೈಲು ಜೇಬಿಗೆ ಹೋಯಿತು.

ಮೇಷ್ಟ್ರ ಗಾಡಿ ಶೆಡ್ಡಿನ ನೆರಳಿಗೆ ವಾಪಸು ಬಂದು ಬಂಪರು ತಣ್ಣಗಾಗಿದೆ. ಕಾದ ಪ್ಲಾಸ್ಟಿಕ್ಕಿಗೆ ಏನು ಹಚ್ಚಿದರೂ ತಕ್ಷಣ ಆರಿ ಪಟ್ಟೆಪಟ್ಟೆಯಾಗುತ್ತದೆ. ಬಂಪರು ಬಾಡಿಗೆ ಸೇರುವಲ್ಲಿ ಉದ್ದಕ್ಕೂ ಕಾಗದದ ಟೇಪು ಅಂಟಿಸಿದ್ದಾನೆ. ಬಿಳಿ ಬಟ್ಟೆಗೆ ಐಸೊಪ್ರೊಪೈಲ್ ಸ್ಪಿರಿಟ್ ಹಾಕಿ ಒಮ್ಮೆ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಮೂಲೆಯಲ್ಲಿ ಸ್ವಲ್ಪ ಜಿಡ್ಡು ಉಳಿದಿತ್ತು, ಇನ್ನೊಮ್ಮೆ ಒರೆಸಿದ. ಆಮೇಲೆ ಕೈಗೆ ಗ್ಲೌಸು.

ಡಬ್ಬಿಯಲ್ಲಿರುವುದು ಎಣ್ಣೆಯಲ್ಲ. ಕಪ್ಪು ಬಣ್ಣ ಬೆರೆತ, ಆರಿದ ಮೇಲೆ ಗಟ್ಟಿಯಾಗಿ ಕೂರುವ ದ್ರವ. ಸ್ಪಂಜಿಗೆ ನಾಲ್ಕು ಹನಿ ಸಾಕು. ಹನಿಯೊಂದು ನೆಲದ ಸಿಮೆಂಟಿಗೆ ಬಿತ್ತು. ಬಟ್ಟೆ ತಂದು ಒರೆಸಿದರೂ ಕಲೆ ಕದಲಲಿಲ್ಲ. ಬಂಪರಿನ ಮೇಲೆ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ, ತರಿಯ ತಳಕ್ಕೆ ಹೋಗುವಂತೆ ಒತ್ತಿ ತಿಕ್ಕುತ್ತಾನೆ. ಬೂದು ಅದನ್ನು ಕುಡಿಯುತ್ತಿದೆ. ಒಂದು ಗೇಣು ಹಚ್ಚುವುದು, ಹೆಚ್ಚಾದದ್ದನ್ನು ಒಣಬಟ್ಟೆಯಲ್ಲಿ ಒರೆಸಿ ತೆಗೆಯುವುದು, ಮುಂದಿನ ಗೇಣಿಗೆ ಹೋಗುವುದು. ಟೈರ್ ಪಾಲಿಶ್ ಬಳಿದಾಗಿನ ಜಿಗಿಜಿಗಿ ಹೊಳಪು ಇದಕ್ಕಿಲ್ಲ, ಧೂಳು ಅಂಟುವ ಜಿಡ್ಡೂ ಇಲ್ಲ. ರೇಡಿಯಂ ಪಟ್ಟಿ ಇದ್ದ ಜಾಗದ ಹತ್ತಿರ ಬಂದಾಗ ಅವನ ಕೈ ನಿಧಾನವಾಯಿತು. ಹಳೆಯ ಕಪ್ಪಿಗೂ ಹೊಸ ಕಪ್ಪಿಗೂ ನಡುವಿನ ಗೆರೆ ಮಸುಕಾಗುತ್ತಾ ಬಂತು. ಪೂರ್ತಿ ಅಳಿಯಲಿಲ್ಲ, ಬಗ್ಗಿ ಓರೆಗಣ್ಣಲ್ಲಿ ನೋಡಿದರೆ ಪಟ್ಟಿ ಇದ್ದ ಗುರುತು ಸಿಗುತ್ತದೆ. ಎರಡನೆಯ ಕೋಟು ಹಾಕಿದ.

ಮೇಷ್ಟ್ರು ಗಾಡಿಯ ಸುತ್ತ ಬಂದರು. ಮುಟ್ಟಲು ಹೋದ ಕೈಯನ್ನು ತಾವೇ ತಡೆದುಕೊಂಡರು.

"ಎಷ್ಟು ದಿನ ಬರ್ತದಪ್ಪ?"

"ನೆಳ್ಳಲ್ಲಿ ನಿಲ್ಸುದ್ರೆ ವರ್ಸ ಬತ್ತದೆ ಮೇಷ್ಟ್ರೆ. ಮನೆ ಮುಂದೆ ಬಿಸ್ಲಲ್ಲೇ ಬುಟ್ರೆ ದಸ್ರಾ ಹೊತ್ಗೆ ಮೇಲಂಚು ಮತ್ತೆ ಬೆಳ್ಳಗಾಯ್ತದೆ. ಆಗ ಬನ್ನಿ, ಮೇಲಂಚಿಗೆ ಮಾತ್ರ ಹಚ್ಕೊಡ್ತೀನಿ. ನಾಳೆ ಸಂಜೆಗಂಟ ನೀರು ತಾಕಿಸ್ಬ್ಯಾಡಿ. ಯಾರಾದ್ರೂ ಡೀಸೆಲ್ ಒರೆಸ್ತೀನಿ ಅಂದ್ರೆ ಹತ್ರ ಸೇರುಸ್ಬ್ಯಾಡಿ."

"ಹಂಗಾದ್ರೆ ಈ ಕನ್ನಡೀನೂ ಮಾಡ್ಬುಡು," ಎಂದು ಮೇಷ್ಟ್ರು ಬೂದು ತಿರುಗಿದ ಸೈಡ್ ಮಿರರ್ ತೋರಿಸುತ್ತಾರೆ. ಅವನು ಟೇಪಿನ ಸುರುಳಿ ಹುಡುಕಿಕೊಂಡು ಬಾಗಿಲಿನ ಬಿಳಿ ಬಣ್ಣಕ್ಕೆ ಅಂಟಿಸಲು ಶುರುಮಾಡಿದ. ಡಸ್ಟರಿನ ಯುವಕ ಗಾಡಿಯನ್ನು ಹಿಂದಕ್ಕೆ ತೆಗೆದು ರ‍್ಯಾಂಪಿಗೆ ಹತ್ತಿಸುತ್ತಿದ್ದಾನೆ. ಅದರ ಕ್ಲ್ಯಾಡಿಂಗು ಚಕ್ರದ ಸುತ್ತ ನಾಲ್ಕೂ ಕಡೆ ಬೆಳ್ಳಗಾಗಿದೆ, ಸಂಜೆಯವರೆಗೂ ಬ್ರಷ್ಷು ಹಿಡಿಯುವಷ್ಟು ಕೆಲಸ.