ಮಾಮು ನೋಡುವ ಮುಳ್ಳು

ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ ಬೆಳೆದವರಿಗೆ ಮಗ್ಗ ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಎಂಬುದು ಸದ್ದಿನಿಂದಲೇ ಗೊತ್ತಾಗುತ್ತದೆ. ನಮ್ಮ ಮಾಮು ಮೂವತ್ತು ವರ್ಷ ಹಾಗೆಯೇ ಪವರ್‌ಲೂಮ್ ಓಡಿಸಿದ್ದಾರೆ. ಈಗ ಅದೇ ಸದ್ದು ಅವರ ಕಿವಿ ಮಂದ ಮಾಡಿದೆ. ಪಟ್ಟಾ ಜಾರಿಯೋ, ಕರೆಂಟು ಇಳಿದೋ ಮಗ್ಗ ನಿಧಾನವಾದರೆ ಲಾಳಿಗೆ ಬೀಳುವ ಹೊಡೆತ ತಗ್ಗುತ್ತದೆ. ಲಾಳಿ ಆಚೆ ಪೆಟ್ಟಿಗೆ ಮುಟ್ಟದೆ ಹಾಸಿನ ನಡುವೆ ಸಿಕ್ಕಿಬಿದ್ದರೆ ಎಳೆಗಳು ಹರಿಯುತ್ತವೆ. ಅವನ್ನು ಜೋಡಿಸುವುದರಲ್ಲಿ ಅರ್ಧ ದಿನದ ಕೂಲಿ ಹೋಯಿತೆಂದೇ ಲೆಕ್ಕ.

ಅದಕ್ಕೇ ಮಗ್ಗದ ಶಾಫ್ಟಿಗೆ ರೋಟರಿ ಎನ್‌ಕೋಡರ್ ಕೂಡಿಸಿದೆವು. ಒಂದು ಸುತ್ತಿಗೆ 100 ಪಲ್ಸ್. ನಿಮಿಷಕ್ಕೆ 150 ಸುತ್ತಾದರೆ ಸೆಕೆಂಡಿಗೆ 250. ಅಂಕಿ ತೋರಿಸುವ ಡಿಸ್‌ಪ್ಲೇ ಹಾಕುವುದು ಸುಲಭವಿತ್ತು. ಮಾಮು ಒಪ್ಪಲಿಲ್ಲ. "ಅಂಕಿ ಓದುತ್ತ ನಿಂತರೆ ನೂಲು ಯಾರು ನೋಡಬೇಕು ಬೇಟಾ? ಗಡಿಯಾರದ ಹಾಗೆ ಮುಳ್ಳು ಇರಲಿ" ಎಂದರು. ಅವರು ಹೇಳಿದ್ದೇ ಸರಿ. ಮುಳ್ಳು ಇಳಿಯುತ್ತಿದೆ ಎಂಬುದು ಓರೆಗಣ್ಣಿಗೂ ಕಾಣುತ್ತದೆ.

ಆದರೆ ಮುಳ್ಳಿಗೆ ಪಲ್ಸ್ ಸಾಲದು, ವೋಲ್ಟೇಜ್ ಬೇಕು. ಆ ಕೆಲಸಕ್ಕೆ ಎಲ್‌ಎಂ2907 ಎಂಬ ಐಸಿ ಇದೆ. ಪ್ರತಿ ಪಲ್ಸಿಗೂ ಒಂದು ಸಣ್ಣ ಕೆಪಾಸಿಟರ್ ಅಳತೆಯ ಚಾರ್ಜ್ ಸುರಿಯುತ್ತದೆ. ಪಲ್ಸ್ ಹೆಚ್ಚಿದಷ್ಟೂ ರೆಸಿಸ್ಟರಿನ ಮೇಲೆ ವೋಲ್ಟೇಜ್ ಏರುತ್ತದೆ. ಪೂರೈಕೆಯ ವೋಲ್ಟೇಜ್, ಪಲ್ಸ್ ಸಂಖ್ಯೆ, ರೆಸಿಸ್ಟರ್, ಕೆಪಾಸಿಟರ್ ನಾಲ್ಕನ್ನೂ ಗುಣಿಸಿದರೆ ಉತ್ತರ ಸಿಗುತ್ತದೆ. 12 ವೋಲ್ಟ್, 250 ಪಲ್ಸ್, 100 ಕಿಲೋಓಮ್, 0.01 ಮೈಕ್ರೋಫ್ಯಾರಡ್: ಸರಿಯಾಗಿ 3 ವೋಲ್ಟ್. ಮಗ್ಗ 120 ಸುತ್ತಿಗೆ ಇಳಿದರೆ 2.4. ಗುಣಾಕಾರದಲ್ಲಿ ಪೂರೈಕೆಯೂ ಇರುವುದರಿಂದ ಅದು ಅಲುಗಾಡಿದರೆ ಮುಳ್ಳು ಸುಳ್ಳು ಹೇಳುತ್ತದೆ. ಆದ್ದರಿಂದ ಮೊದಲಿಗೇ 7812 ರೆಗ್ಯುಲೇಟರ್ ಇಟ್ಟೆವು.

ಹೆಚ್ಚು ಚರ್ಚೆಯಾದದ್ದು ಮುಳ್ಳಿನ ನಡುಕ ತಡೆಯುವ ಎರಡನೇ ಕೆಪಾಸಿಟರ್ ಬಗ್ಗೆ. ಅದು 1 ಮೈಕ್ರೋಫ್ಯಾರಡ್ ಇದ್ದಾಗ ಲಾಳಿ ಹೊಡೆದಾಗಲೆಲ್ಲ ಮುಳ್ಳು ನಡುಗಿತು. 10 ಇಟ್ಟಾಗ ಶಾಂತವಾಯಿತು; ಆದರೆ ಮಗ್ಗ ತಗ್ಗಿದ್ದನ್ನು ತೋರಿಸಲು ಒಂದೆರಡು ಸೆಕೆಂಡ್ ಹಿಡಿಯಿತು. ನನಗೆ ಶಾಂತ ಮುಳ್ಳೇ ಚಂದ ಕಂಡಿತ್ತು. ಮಾಮು ನಡುಗುವುದನ್ನೇ ಆರಿಸಿದರು. ಪಟ್ಟಾ ಜಾರತೊಡಗಿದರೆ ನಡುಕದ ರೀತಿಯೇ ಬೇರೆಯಾಗುತ್ತದಂತೆ.

ಎನ್‌ಕೋಡರಿನ ಎರಡನೇ ಸಿಗ್ನಲ್ ತಂತಿಯನ್ನು ಸುಮ್ಮನೆ ಬಿಟ್ಟಿದ್ದೇವೆ. ಶಾಫ್ಟ್ ಯಾವ ಕಡೆ ತಿರುಗುತ್ತಿದೆ ಎಂದು ತಿಳಿಯಲು ಅದು ಬೇಕು. ಮಗ್ಗವನ್ನು ಹಿಂದಕ್ಕೆ ತಿರುಗಿಸುವುದು ಮಾಮು ಕೈಯಾರೆ, ಆಗ ಮುಳ್ಳಿನ ಹಂಗಿಲ್ಲ. ಸದ್ಯಕ್ಕೆ 0–5 ವೋಲ್ಟ್ ಮೀಟರ್ ಲ್ಯಾಬಿನದು. ಪ್ರಾಕ್ಟಿಕಲ್ ಪರೀಕ್ಷೆಗೆ ಮೊದಲು ಹಿಂತಿರುಗಿಸಬೇಕು; ಅಷ್ಟರಲ್ಲಿ ಇನ್ನೊಂದು ಹುಡುಕುತ್ತಿದ್ದೇನೆ.